ಊರ ಪರವಾಗಿ ನಂಬದವಳು

ನಮ್ಮೂರಿನ ಜನ ಏನು ಹೇಳಿದರೂ ನಂಬುತ್ತಾರೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರು ಯಾವ ಊರಿನಲ್ಲಿಲ್ಲ ಹೇಳಿ? ಆದರೆ ಬೇರೆ ಊರುಗಳಲ್ಲಿ ಜನ ನಂಬಿದರೂ ನಂಬದಿದ್ದರೂ ಎತ್ತು ಎತ್ತೇ. ನಮ್ಮೂರಿನಲ್ಲಿ ಒಂದು ಸುದ್ದಿಯನ್ನು ಊರಿಗೆ ಊರೇ, ಒಬ್ಬರೂ ಬಾಕಿ ಉಳಿಯದಂತೆ ನಂಬಿಬಿಟ್ಟರೆ, ಅದು ನಿಜವಾಗಿಬಿಡುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಎತ್ತಿನ ಪಕ್ಕದಲ್ಲಿ ಕರು ನಿಂತಿರುತ್ತದೆ. ಒಬ್ಬರು, ಒಂದೇ ಒಂದು ನರಪಿಳ್ಳೆ, "ಹೋಗ್ರಯ್ಯಾ, ನಾನು ನಂಬಲ್ಲ" ಅಂದರೆ ಸಾಕು, ಕರು ಹುಟ್ಟುವುದಿಲ್ಲ. ಆ ನರಪಿಳ್ಳೆ ನಾನು. ತುಂಗಮ್ಮ ಅಂತ. ಗಡಿಯಾರ ಕಂಬದ ಹಿಂದಿನ ಬೀದಿಯಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಊರಿನ ರಾಗಿ, ಜೋಳ ಬೀಸುತ್ತೇನೆ, ಅದರ ಜೊತೆಗೆ ಊರಿನ ಪರವಾಗಿ ನಂಬದೇ ಇರುತ್ತೇನೆ.

ಈ ಕೆಲಸಕ್ಕೆ ಒಬ್ಬರನ್ನು ನೇಮಿಸುವ ಪದ್ಧತಿ ಶುರುವಾದದ್ದು ನ್ಯಾಯಬೆಲೆ ಅಂಗಡಿಯ ರಾಚಯ್ಯನ ಗತಿ ನೋಡಿದ ಮೇಲೆ. ಬೀದಿನಾಯಿಗಳಿಗೆ ವಿಷ ಹಾಕಿದ್ದು ಅವನೇ ಅಂತ ಯಾರೋ ಮೊಬೈಲಿನಲ್ಲಿ ಬರೆದು ಹರಿಯಬಿಟ್ಟರು. ಯಾರು ಅಂತ ಇವತ್ತಿಗೂ ಗೊತ್ತಿಲ್ಲ. ಸಂಜೆಯೊಳಗೆ ಊರೆಲ್ಲ ನಂಬಿತು, ಅವನ ಹೆಂಡತಿಯೂ ನಂಬಿದಳು, ನಾನು ಅವತ್ತು ಊರಲ್ಲಿರಲಿಲ್ಲ, ಮಂಚದ ಕೆಳಗೆ ವಿಷದ ಪೊಟ್ಟಣಗಳು ಸಿಕ್ಕವು. ರಾಚಯ್ಯ ಎದೆ ಬಡಿದುಕೊಂಡು, "ಹೌದು, ನಾನೇ ಹಾಕ್ದೆ, ಯಾಕೆ ಹಾಕ್ದೆ ಅಂತ ಮಾತ್ರ ಗೊತ್ತಾಗ್ತಿಲ್ಲ" ಅಂತ ಅತ್ತ. ನಾಯಿಗಳು ಸತ್ತ ದಿನ ಅವನು ಪರವೂರಿನ ಮದುವೆಯಲ್ಲಿ ಪಂಕ್ತಿಗೆ ಸಾರು ಬಡಿಸುತ್ತಿದ್ದ ಫೋಟೊ ಆಮೇಲೆ ಬಂತು. ಅಷ್ಟರಲ್ಲಿ ಅವನು ಊರು ಬಿಟ್ಟಿದ್ದ. ಯುಗಾದಿಯ ಮಾರನೆಯ ದಿನ ಹಿರಿಯರೆಲ್ಲ ಸೇರಿ, ಏನೇ ಬಂದರೂ ನಂಬದ ಒಬ್ಬರು ಊರಿಗೆ ಬೇಕೇ ಬೇಕು ಅಂತ ತೀರ್ಮಾನಿಸಿದರು. ಮೊಂಡುತನಕ್ಕೆ ಹೆಸರಾದವಳು ನಾನೇ. ಸುಗ್ಗಿಯಲ್ಲಿ ಮನೆಗೊಂದು ಮೊರ ಧಾನ್ಯವನ್ನು ಅವರು ನನಗೆ ಆಯ ಅಂತ ಕೊಡುವುದು, ನಾನು ಅವರ ಪಾಲಿನ ಅನುಮಾನವನ್ನೆಲ್ಲ ಪಡುವುದು. ಕಮ್ಮಾರನಿಗೆ ಕುಡುಗೋಲು ತಟ್ಟಲು ಕೊಡುವ ಹಾಗೆ.

ಒಳ್ಳೆಯ ಏರ್ಪಾಡು ಅಂದುಕೊಂಡೆವು. ಆದದ್ದೇನು? ಅಲ್ಲಿಯವರೆಗೆ ಊರಿನಲ್ಲಿ ಅಲ್ಲೊಬ್ಬರು ಇಲ್ಲೊಬ್ಬರಾದರೂ "ಅದೆಂಗಾಗುತ್ತೆ?" ಅಂತ ಕೇಳುತ್ತಿದ್ದರು. ನನ್ನನ್ನು ನೇಮಿಸಿದ ಮೇಲೆ ಅವರೂ ಕಾಲು ಚಾಚಿ ಮಲಗಿದರು. "ತುಂಗಕ್ಕ ನಂಬಲ್ಲವಲ್ಲ, ನಾವು ನಂಬಿದ್ರೇನಂತೆ?" ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು, ಒಂದು ಕಾಲದಲ್ಲಿ ಗ್ರಹಣದ ಹೊತ್ತಿನಲ್ಲಿ ನಡುಬೀದಿಯಲ್ಲಿ ನಿಂತು ಅವಲಕ್ಕಿ ತಿಂದ ಮನುಷ್ಯ, ಒಂದು ದಿನ ಗೋಧಿ ಬೀಸಿಸಲು ಬಂದವರು, "ಚಂದ್ರನ ಮೇಲೆ ನಿಂತ್ರೆ ನಮ್ಮೂರ ಗಡಿಯಾರದ ಮುಳ್ಳು ಕಾಣುತ್ತಂತೆ ತುಂಗಮ್ಮ" ಅಂದರು. ನಾನು ಅವರ ಮುಖವನ್ನೇ ನೋಡಿದೆ. "ನೀವಿದ್ದೀರಲ್ಲ" ಅಂತ ನಕ್ಕು ಡಬ್ಬ ಎತ್ತಿಕೊಂಡು ಹೋದರು. ಗುಡಿಸುವವಳು ಒಬ್ಬಳಿದ್ದಾಳೆ ಅಂತ ಊರೆಲ್ಲ ಕಸ ತಂದು ಬಾಗಿಲಿಗೆ ಸುರಿದರೆ ಹೇಗಿರುತ್ತದೋ ಹಾಗಾಯಿತು ನನ್ನ ಪಾಡು. ಬೆಳಗ್ಗೆ ಗಿರಣಿಯ ಬಾಗಿಲು ತೆಗೆಯುವ ಮೊದಲೇ ಮೊಬೈಲು ಹಿಡಿದು ಸಾಲು ನಿಲ್ಲುತ್ತಿದ್ದರು. ಇದನ್ನು ನಂಬಬೇಡಿ, ಅದನ್ನು ನಂಬಬೇಡಿ, ನಾವು ಆಗಲೇ ನಂಬಿ ಆಯಿತು. ಚುನಾವಣೆ ಹತ್ತಿರ ಬಂದರಂತೂ ಕೇಳಲೇಬೇಡಿ, ಇವನು ಅವನ ತಲೆ ಒಡೆದ, ಅವನು ಇವನ ದೇವರನ್ನು ಕದ್ದ. ಎಲ್ಲವನ್ನೂ ಓದಿ ಥೂ ಅಂದು ಕೆಳಗಿಡುವಷ್ಟರಲ್ಲಿ ರಾಗಿ ಬೀಸುವ ಹೊತ್ತು ಮೀರಿರುತ್ತಿತ್ತು.

ನಂಬುವವರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವರು ನಮ್ಮ ಯಜಮಾನರು, ಪರಮೇಶಿ. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುತ್ತಿದ್ದವರು. ಚಿನ್ನದಂಥ ಮನಸ್ಸು, ಬುದ್ಧಿ ಮಾತ್ರ ಯಾರು ಕರೆದರೂ ಹಿಂದೆ ಹೋಗುವ ಕರು. ಸೂರ್ಯ ಹುಟ್ಟುವ ಮೊದಲೇ ಗುಲಾಬಿ ಹೂವಿನ ಚಿತ್ರದ ಶುಭೋದಯ ಊರಿಗೆಲ್ಲ ಕಳಿಸಬೇಕು, ಆಮೇಲೆ ಬಂದದ್ದನ್ನೆಲ್ಲ ಮುಂದಕ್ಕೆ ದೂಡಬೇಕು. "ಓದಿದ್ರೇನ್ರೀ ಅದನ್ನ?" ಅಂದರೆ, "ಓದೋದೇನೇ, ಒಳ್ಳೇದೇ ಇರುತ್ತೆ" ಅನ್ನುವರು. ನಮಗೆ ಮಕ್ಕಳಿಲ್ಲ. ಈ ಮನುಷ್ಯನೇ ನನಗೆ ಗಂಡ, ಮಗು, ತಲೆನೋವು ಎಲ್ಲ.

ಪುರಸಭೆಯ ಅಧ್ಯಕ್ಷ ವಿರೂಪಣ್ಣ ಈ ಸಲ ಮತ್ತೆ ಚುನಾವಣೆಗೆ ನಿಂತಾಗ ಮನೆಮನೆಗೆ ಚೈತನ್ಯ ಕಷಾಯ ಅಂತ ಬಾಟಲಿ ಹಂಚಿದ. ಬಾಟಲಿಯ ಮೇಲೆ ಕೈಮುಗಿದು ನಿಂತ ಅವನದೇ ಫೋಟೊ. ಸಕ್ಕರೆ ಕಾಯಿಲೆ, ಮಂಡಿನೋವು, ದೃಷ್ಟಿದೋಷ, ಎಲ್ಲಕ್ಕೂ ಮದ್ದು ಅಂತ ಸುದ್ದಿ ಹರಿಯಿತು. ಊರು ನಂಬಿತು, ನಾನು ನಂಬಲಿಲ್ಲ, ಹಾಗಾಗಿ ಅದು ಯಾವುದೋ ಕಹಿಸೊಪ್ಪು ಬೇಯಿಸಿದ ನೀರಾಗಿಯೇ ಉಳಿಯಿತು. ಉಳಿದವರೆಲ್ಲ ಒಂದು ಗುಟುಕು ಕುಡಿದು ಮುಖ ಕಿವುಚಿ ಮೋರಿಗೆ ಚೆಲ್ಲಿದರು. ನಂಬುವುದು ಬೇರೆ, ಕುಡಿಯುವುದು ಬೇರೆ ಅಂತ ಅವರಿಗೆ ಗೊತ್ತು. ನಮ್ಮ ಯಜಮಾನರಿಗೆ ಗೊತ್ತಿಲ್ಲ. ನಾನು ಗಿರಣಿಗೆ ಹೋದ ಮೇಲೆ ಕದ್ದು ಲೋಟಗಟ್ಟಲೆ ಕುಡಿದರು. ಪಕ್ಕದ ಮನೆಯವರು ಚೆಲ್ಲುವುದನ್ನೂ ಇಸಿದುಕೊಂಡು ಕುಡಿದರು.

ಕಾಲು ಬಾತುಕೊಂಡಿತು, ಮುಖ ಬಾತುಕೊಂಡಿತು, ಅನ್ನ ಕಂಡರೆ ವಾಕರಿಕೆ. ಪರವೂರಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಬಾಟಲಿ ಮೂಸಿ ನೋಡಿ, "ಇದನ್ನ ಯಾರಮ್ಮ ಕುಡಿಸಿದ್ದು? ಎರಡೂ ಕಿಡ್ನಿ ಹೋಗಿವೆ. ರಕ್ತ ಶುದ್ಧಿ ಮಾಡೋಣ ಅಂದ್ರೆ ಇವರ ಹೃದಯ ತಡೆಯಲ್ಲ. ಮನೆಗೆ ಕರ್ಕೊಂಡು ಹೋಗಿ, ಹತ್ತಿರ ಇರಿ" ಅಂದರು. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿಕೊಂಡು, "ಆ ಡಾಕ್ಟ್ರಿಗೆ ಏನೂ ಗೊತ್ತಿಲ್ಲ ಕಣೇ" ಅಂದರು. ಲೋಕದಲ್ಲಿ ಅವರು ನಂಬದೇ ಹೋದದ್ದು ಅದೊಂದೇ ಮಾತು. ನನಗೆ ಬಂದ ಸಿಟ್ಟಿಗೆ ಆ ವಿರೂಪಣ್ಣನನ್ನು ಗಿರಣಿಯ ಕಲ್ಲಿಗೆ ಹಾಕಿ ಬೀಸಬೇಕು ಅನ್ನಿಸಿತು.

ಕಷಾಯ ಕುಡಿದು ಪರಮೇಶಿಯ ಕಿಡ್ನಿ ಹೋಯಿತು ಅಂತ ಊರಿನಲ್ಲಿ ಪಿಸುಮಾತು ಶುರುವಾಯಿತು. ಅದರ ಮಾರನೆಯ ದಿನವೇ ಮೊಬೈಲಿಗೆ ಹೊಸದೊಂದು ಬಂತು. "ಸಿಹಿಸುದ್ದಿ! ಹಿಟ್ಟಿನ ಗಿರಣಿಯ ಪರಮೇಶಣ್ಣ ಸಂಪೂರ್ಣ ಗುಣಮುಖ. ಅವರಿಗೆ ಕಾಯಿಲೆ ಬಂದದ್ದು ಹಾಲು ಹಾಕುವ ಜುಲೇಖಾಬಿ ಹಾಲಿಗೆ ವಿಷ ಬೆರೆಸಿದ್ದರಿಂದ. ಅವರನ್ನು ಉಳಿಸಿದ್ದು ಚೈತನ್ಯ ಕಷಾಯ. ನೀವು ನಿಜವಾದ ಊರಿನ ಮಕ್ಕಳಾಗಿದ್ದರೆ ಎಲ್ಲರಿಗೂ ಕಳಿಸಿ." ಜುಲೇಖಾಬಿ ಕೆರೆ ಏರಿಯ ಕೆಳಗೆ ಎಮ್ಮೆ ಕಟ್ಟಿಕೊಂಡು ಬದುಕುವ ಹೆಂಗಸು. ಗಂಡ ಇಲ್ಲ. ನಾನು ಈ ಬೀದಿಗೆ ಬಂದಾಗಿನಿಂದ ನಮ್ಮ ಮನೆಗೆ ಹಾಲು ಹಾಕುವವಳು ಅವಳೇ. ನಾನು ಜ್ವರದಲ್ಲಿ ಮಲಗಿದಾಗ ಗಂಜಿ ಕಾಯಿಸಿಟ್ಟು ಹೋದವಳು. ಕಷಾಯದ ಪಾಪವನ್ನು ಯಾರ ತಲೆಗಾದರೂ ಕಟ್ಟಬೇಕಿತ್ತು. ಒಂಟಿ ಹೆಂಗಸು, ಅದರಲ್ಲೂ ಆ ಹೆಸರಿನವಳು, ಕೈಗೆ ಸುಲಭಕ್ಕೆ ಸಿಕ್ಕಳು.

ಮಧ್ಯಾಹ್ನದೊಳಗೆ ಊರೆಲ್ಲ ನಂಬಿ ಮುಗಿಸಿತ್ತು. ಉಳಿದವಳು ನಾನೊಬ್ಬಳು ಅಂತ ಊರಿನ ಲೆಕ್ಕ. ಆಗ ನೋಡಿ ಶುರುವಾಯಿತು ಮೆರವಣಿಗೆ. ಇಷ್ಟು ದಿನ ನಂಬಬೇಡಿ ಅಂತ ಬರುತ್ತಿದ್ದವರು ಈಗ ನಂಬು ಅಂತ ಬಂದರು. ಒಬ್ಬಳು ಹೋಳಿಗೆ ತಂದಳು, ಒಬ್ಬಳು ಕುಂಕುಮ ತಂದಳು. "ಮಾಂಗಲ್ಯ ಉಳಿಯುತ್ತೆ ತುಂಗಕ್ಕ, ಒಂದೇ ಒಂದು ಸಲ ನಂಬಿಬಿಡಿ. ನಿಮ್ಮ ಗಂಟೇನು ಹೋಗುತ್ತೆ?" ಅಂದಳು ಕುಂಕುಮದವಳು. "ಜುಲೇಖಾ?" ಅಂತ ಕೇಳಿದೆ. "ಅಯ್ಯೋ, ಅವಳು ಹಾಕಿದ್ದೇ ನಿಜ ಆಗುತ್ತಲ್ಲ, ಆಮೇಲೆ ಅವಳದ್ದೇ ತಪ್ಪು ತಾನೇ?" ಅಂದಳು ಹೋಳಿಗೆಯವಳು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದು ಅಂದರೆ ಇದೇ. ಮೇಷ್ಟ್ರೂ ಬಂದರು. ಅವರು ನನ್ನ ಮುಖ ನೋಡದೆ, "ಒಂದು ಜೀವದ ಪ್ರಶ್ನೆ, ಯೋಚನೆ ಮಾಡಿ" ಅಂದರು. ಎರಡು ಜೀವ ಅಂತ ಲೆಕ್ಕ ಹಾಕಲು ವಿಜ್ಞಾನ ಬೇಕಾಗಿರಲಿಲ್ಲ.

ಸಂಜೆ ವಿರೂಪಣ್ಣನೇ ಬಂದ. ಚಪ್ಪಲಿ ಹೊರಗೆ ಬಿಟ್ಟು, ಯಜಮಾನರ ಕಾಲು ಮುಟ್ಟಿ ನಮಸ್ಕಾರ ಮಾಡಿ, ನನ್ನನ್ನು ಜಗಲಿಗೆ ಕರೆದ. "ಅಕ್ಕಾ, ನೀವು ಮೊದಲೇ ನಂಬಿದ್ದಿದ್ರೆ ಆ ಕಷಾಯ ಮದ್ದೇ ಆಗ್ತಿತ್ತು. ನಿಮ್ಮ ಹಟಕ್ಕೆ ಅದು ವಿಷ ಆಯ್ತು. ಈಗ್ಲಾದ್ರೂ ಬಿಡಿ" ಅಂದ. ನೋಡಿ, ಹೇಗೆ ತಿರುಗಿಸಿದ! ಆದರೂ ನಾನು ಸಿಟ್ಟು ನುಂಗಿಕೊಂಡು ಬೇಡಿದೆ. "ವಿರೂಪಣ್ಣ, ಜುಲೇಖಾ ಹೆಸರು ತೆಗೆದು ಇನ್ನೊಂದು ಕಳಿಸಪ್ಪ. ಇವರು ಗುಣ ಆದ್ರು ಅಂತ ಅಷ್ಟೇ ಇರ್ಲಿ. ನಾನು ಕಣ್ಣು ಮುಚ್ಚಿ ನಂಬ್ತೀನಿ." ಅವನು ಮೀಸೆ ಸವರಿಕೊಂಡ. "ಅದೆಂಗಾಗುತ್ತೆ ಅಕ್ಕ? ಅವಳು ಹಾಕಿಲ್ಲ ಅಂದ್ರೆ ಮತ್ತೆ ಕಷಾಯದಿಂದಲೇ ಅಂತಾಗುತ್ತೆ. ಚುನಾವಣೆ ತಲೆ ಮೇಲಿದೆ." ಅಷ್ಟು ಹೇಳಿ ಹೋದ. ನಾನೇ ಯಜಮಾನರ ಮೊಬೈಲಿನಿಂದ "ಪರಮೇಶಿ ಗುಣವಾಗಿದ್ದಾರೆ" ಅಂತ ಬರೆದು ಕಳಿಸಿದೆ. ಅದನ್ನು ಯಾರೂ ಮುಂದಕ್ಕೆ ಕಳಿಸಲಿಲ್ಲ. ಬೈಯಲು ಒಬ್ಬರು ಇಲ್ಲದ ಸುದ್ದಿ ನಮ್ಮೂರಿನಲ್ಲಿ ಎರಡು ಬೀದಿ ದಾಟುವುದಿಲ್ಲ.

ಇವೆಲ್ಲ ತಡೆದುಕೊಳ್ಳಬಹುದಿತ್ತು. ಯಜಮಾನರ ಮಾತು ತಡೆಯಲಾಗಲಿಲ್ಲ. ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಗಂಜಿ ಕುಡಿಸುತ್ತಿದ್ದೆ. ಚಮಚ ತಡೆದು, "ತುಂಗಾ, ಮದುವೆ ಆಗಿ ಬಂದಾಗಿಂದ ನಾನು ಹೇಳಿದ್ದನ್ನ ಒಂದೇ ಒಂದು ಸಲ ನಂಬಿದ್ದೀಯೇನೇ?" ಅಂತ ಕೇಳಿದರು. ಜಗಳದ ದನಿಯಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅನ್ನುವ ಹಾಗೆ. ನಾನು ಹುಡುಕಿದೆ. ಮಳೆ ಬರುತ್ತೆ ಅಂದರೆ ಹೊರಗೆ ಹೋಗಿ ನೋಡಿದ್ದೇನೆ. ಊಟ ಚೆನ್ನಾಗಿದೆ ಅಂದರೆ ಸುಮ್ಮನೆ ಹೇಳ್ತೀರಿ ಅಂದಿದ್ದೇನೆ. "ನನಗೆ ಬದುಕ್ಬೇಕು ಅಂತ ಆಸೆ ಕಣೇ" ಅಂದರು. ಬಟ್ಟಲು ಕೆಳಗಿಟ್ಟು ಹಿತ್ತಿಲಿಗೆ ಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಿಂತೆ.

ನಂಬುವುದು ಅಂದರೆ ಗುಂಡಿ ಒತ್ತಿ ದೀಪ ಹಾಕಿದ ಹಾಗಲ್ಲ ಅಂತ ನನಗೆ ಆಗ ತಿಳಿಯಿತು. ಬಾಯಲ್ಲಿ ನಂಬಿದೆ ಅಂದರೆ ಏನೂ ಆಗುವುದಿಲ್ಲ, ಹೊಟ್ಟೆಯೊಳಗಿಂದ ಬರಬೇಕು. ಬರುವುದಿಲ್ಲ ಅಂದುಕೊಂಡಿದ್ದೆ. ಆದರೆ ಮರುದಿನ ಗಿರಣಿಯಲ್ಲಿ ಯಾರದೋ ಮೆಣಸಿನಕಾಯಿ ಪುಡಿ ಮಾಡುತ್ತಾ ಸೀನುತ್ತಿದ್ದಾಗ, ಎಲ್ಲಿಂದಲೋ ನೆನಪಾಯಿತು: ಹೋದ ತಿಂಗಳು ಒಂದು ದಿನ ಹಾಲು ಒಡೆದಿತ್ತಲ್ಲ? ಅದರ ವಾಸನೆ ಒಂಥರಾ ಇತ್ತಲ್ಲ? ಜುಲೇಖಾ ಅವತ್ತು ಸರಿಯಾಗಿ ಮುಖ ಕೊಟ್ಟು ಮಾತಾಡಲಿಲ್ಲವಲ್ಲ? ಬೇಸಿಗೆಯಲ್ಲಿ ಹಾಲು ಒಡೆಯುವುದು ಯಾರಿಗೆ ಗೊತ್ತಿಲ್ಲ? ನನಗೂ ಗೊತ್ತು. ಆದರೆ ಆ ವಾಸನೆ ಮೂಗಿನಿಂದ ಹೋಗಲಿಲ್ಲ. ನನಗೆ ಹೆದರಿಕೆಯಾದದ್ದು ಅದರಿಂದಲ್ಲ. ಹೀಗೇ ನಂಬಿಬಿಟ್ಟರೆ ಗಂಡ ಎದ್ದು ಓಡಾಡುತ್ತಾರೆ, ಜುಲೇಖಾ ನಿಜವಾಗಿಯೂ ವಿಷ ಹಾಕಿದವಳಾಗುತ್ತಾಳೆ, ಮತ್ತೆ ನನಗೆ ಒಂದಿಷ್ಟೂ ಪಾಪ ಅನ್ನಿಸುವುದಿಲ್ಲ. ನಿಜ ತಾನೇ ಅಂದುಕೊಂಡು ಹೋಳಿಗೆ ತಿನ್ನುತ್ತೇನೆ. ಅದಕ್ಕೆ ಹೆದರಿದೆ. ಮೋಟಾರು ನಿಲ್ಲಿಸಿ, ತಲೆಯ ಮೇಲಿನ ಹಿಟ್ಟನ್ನೂ ಕೊಡವಿಕೊಳ್ಳದೆ, ಕೆರೆ ಏರಿಯ ಕಡೆ ನಡೆದೆ.

ಜುಲೇಖಾ ಕೊಟ್ಟಿಗೆಯ ಮುಂದೆ ಕೂತು ಕ್ಯಾನಿನ ಹಾಲನ್ನು ಚರಂಡಿಗೆ ಸುರಿಯುತ್ತಿದ್ದಳು. ಯಾರೂ ಕೊಳ್ಳುವವರಿಲ್ಲ. ಬಾಗಿಲ ಮೇಲೆ ಯಾರೋ ಸಗಣಿ ಎಸೆದಿದ್ದರು. ನನ್ನನ್ನು ನೋಡಿ ಎದ್ದು ನಿಂತಳು, ಹತ್ತಿರ ಬರಲಿಲ್ಲ. "ಅಣ್ಣ ಹೆಂಗಿದ್ದಾರೆ ಅಕ್ಕ?" ಅಂದಳು. ಹಾಗೇ ಇದ್ದಾರೆ ಅಂದೆ. ಅವಳು ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ ನೋಡಿಕೊಂಡಳು. "ನಿನ್ನೆಯಿಂದ ನನಗೇ ಒಂಥರಾ ಆಗ್ತಿದೆ ಅಕ್ಕ. ನಿಮ್ಮನೆ ಹಾಲು ಅಳೆಯೋವಾಗ ಈ ಕೈಯಲ್ಲಿ ಏನೋ ಬಿಳೀ ಪುಡಿ ಇತ್ತು ಅಂತ ನೆನಪು ಬರ್ತಿದೆ. ಊರೆಲ್ಲ ಹೇಳ್ತಿದೆ ಅಂದ್ಮೇಲೆ ನಾನೇ ಹಾಕಿರ್ಬೇಕು. ಹಾಕಿದ್ನಾ ಅಕ್ಕ ನಾನು? ನೀವೇ ಹೇಳಿಬಿಡಿ. ನೀವು ಏನಂದ್ರೆ ಅದು."

ಹೂಂ ಅನ್ನಲು ಎಷ್ಟು ಹೊತ್ತು ಬೇಕು? ತಲೆ ಒಂಚೂರು ಕೆಳಗಾದರೆ ಆಯಿತು. ಊರು ನಂಬಿದೆ, ನನ್ನ ಗಂಡ ನಂಬಿದ್ದಾರೆ, ಇಗೋ ಇವಳೂ ನಂಬಿದ್ದಾಳೆ. ಗಂಟಲವರೆಗೂ ಬಂತು. ಆ ಹೆಂಗಸು ತನ್ನ ಕೈಗಳನ್ನು ಬೇರೆ ಯಾರದೋ ಕೈಗಳ ಹಾಗೆ ನೋಡುತ್ತಾ ನಿಂತಿದ್ದಳು. ನನಗೆ ಎಲ್ಲಿತ್ತೋ ಕೋಪ, ನೆತ್ತಿಗೇರಿತು. "ಥೂ ಹುಚ್ಚಿ! ಅದು ಕ್ಯಾನು ತೊಳೆಯೋ ಸೋಪಿನ ಪುಡಿ ಕಣೇ! ದಿನಾ ಬೆಳಗೆದ್ದು ತೊಳೀತೀಯ, ಕೈಗೆ ಪುಡಿ ಮೆತ್ತಿಕೊಳ್ದೆ ಇರುತ್ತಾ? ನೀನು ಏನೂ ಹಾಕಿಲ್ಲ. ಯಾರು ಏನಂದ್ರೂ ಹಾಕಿಲ್ಲ. ನಾನು ನಂಬಲ್ಲ ಅಂದ್ರೆ ನಂಬಲ್ಲ!" ಕೂಗಿದ ರಭಸಕ್ಕೆ ಎಮ್ಮೆಗಳು ಬೆದರಿ ಹಗ್ಗ ಎಳೆದವು. ಜುಲೇಖಾ ಕೂತು ಗೊಳೋ ಅಂತ ಅತ್ತಳು. ನಾನೂ ಅಲ್ಲೇ ಹುಲ್ಲಿನ ಹೊರೆಯ ಮೇಲೆ ಕೂತೆ. ಅವಳಿಗೆ ಇಲ್ಲ ಅಂದದ್ದು ನನ್ನ ಗಂಡನಿಗೂ ಇಲ್ಲ ಅಂದ ಹಾಗೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು.

ಮನೆಗೆ ಬಂದಾಗ ಯಜಮಾನರು ಬಾಗಿಲ ಕಡೆಗೇ ನೋಡುತ್ತಾ ಮಲಗಿದ್ದರು. "ಅವಳ ಹತ್ರ ಹೋಗಿದ್ದೆಯಂತೆ. ನಂಬಿದ್ಯಾ?" ಅಂದರು. ಹಾಸಿಗೆಯ ಅಂಚಿನಲ್ಲಿ ಕೂತು ಅವರ ಬಾತ ಕಾಲನ್ನು ತೊಡೆಯ ಮೇಲೆ ಎಳೆದುಕೊಂಡೆ. "ನಂಬಿದೆ ರೀ" ಅಂದೆ. ನನಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ದನಿ ನಡುಗಿತು, ಕಣ್ಣು ಬೇರೆಡೆಗೆ ಹೋಯಿತು, ಬೇರೆ ಯಾರಾಗಿದ್ದರೂ ಹಿಡಿಯುತ್ತಿದ್ದರು. ಆದರೆ ಪರಮೇಶಿ ತಾನೇ? ತಟ್ಟನೆ ನಂಬಿಬಿಟ್ಟರು. ಮುಖ ಅರಳಿತು. "ನೋಡು, ಉಸಿರು ಆಗ್ಲೇ ಸಲೀಸಾಯ್ತು" ಅಂದರು. ಆಗಿರಲಿಲ್ಲ, ಗೊರಗೊರ ಸದ್ದು ನನಗೆ ಕೇಳುತ್ತಿತ್ತು. ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಬೇಕು ಅಂದರು. ಉಪ್ಪು ಕೂಡದು ಅಂತ ಡಾಕ್ಟರು ಹೇಳಿದ್ದರು. ಉಪ್ಪು ಹಾಕಿಯೇ ಮಾಡಿಕೊಟ್ಟೆ. ಅರ್ಧ ರೊಟ್ಟಿ ತಿಂದು, "ಜುಲೇಖಾನ ಪೊಲೀಸರಿಗೆ ಕೊಡೋದು ಬೇಡ ಕಣೇ. ಪಾಪ, ಏನೋ ಬುದ್ಧಿ ಕೆಟ್ಟು ಮಾಡಿದಾಳೆ, ಕ್ಷಮಿಸಿಬಿಡೋಣ" ಅಂದರು. ಏನೂ ಮಾಡದವಳನ್ನು ಕ್ಷಮಿಸುವ ಈ ದೊಡ್ಡ ಮನುಷ್ಯನನ್ನು ಬೈಯಲೋ, ತಬ್ಬಿಕೊಳ್ಳಲೋ? ಹೂಂ ರೀ, ಕ್ಷಮಿಸೋಣ ಅಂದೆ. ಮರುದಿನ ಬೆಳಗ್ಗೆ, ಎದ್ದು ಓಡಾಡುವಂತಾದ ಮೇಲೆ ಕ್ಲಾರಿನೆಟ್ಟಿನ ಬಾಯಿಗೆ ಹೊಸ ರೀಡು ಹಾಕಿಸಬೇಕು ಅಂತ ಹೇಳುತ್ತಾ ಹೇಳುತ್ತಾ ಹೋಗಿಬಿಟ್ಟರು.

ಹೆಣ ಎತ್ತುವ ಮೊದಲೇ ಮುಂದಿನದು ಬಂತು. "ಹಟಮಾರಿ ಹೆಂಡತಿಯಿಂದ ಗಂಡನ ಕೊಲೆ. ತುಂಗಮ್ಮ ಗಂಜಿಯಲ್ಲಿ ವಿಷ ಹಾಕಿ ಕೊಂದಳು." ಊರು ನಂಬಿತು. ತಿಥಿಗೆ ಯಾರೂ ಬರಲಿಲ್ಲ, ಗಿರಣಿಗೂ ಬರಲಿಲ್ಲ. ಇವಳು ನಂಬಲ್ಲ, ಇವಳಿಂದ ಆಗಲ್ಲ ಅಂತ ನೀವು ಅಂದುಕೊಳ್ಳಬಹುದು. ಹಾಗೇನಿಲ್ಲ, ನಾನು ನಂಬಿದೆ. ಬದುಕಬೇಕು ಅಂತ ಆಸೆ ಅಂದವರಿಗೆ ಒಂದು ಹೂಂ ಕೊಡದವಳು ನಾನು ತಾನೇ? ಅದಕ್ಕಿಂತ ದೊಡ್ಡ ವಿಷ ಯಾವುದು? ಮನಸಾರೆ ನಂಬಿದೆ. ದಿನಾ ಅಡುಗೆಮನೆಯ ಗೂಡು, ಡಬ್ಬ, ಅಕ್ಕಿ ಮೂಟೆ ಎಲ್ಲ ತಡಕಿದೆ, ಪೊಟ್ಟಣ ಎಲ್ಲಾದರೂ ಹುಟ್ಟಿದೆಯಾ ಅಂತ. ಗಂಜಿ ಕಲಸುವಾಗ ಕೈಯಲ್ಲಿ ಏನಿತ್ತು ಅಂತ ನೆನಪು ಮಾಡಿಕೊಂಡೆ. ಬರೀ ಚಮಚವೇ ನೆನಪಾಗುತ್ತಿತ್ತು. ಪೊಟ್ಟಣ ಸಿಗಲೇ ಇಲ್ಲ. ಊರೂ ನಂಬಿ ನಾನೂ ನಂಬಿದ ಮೇಲೆ ಇನ್ನೂ ನಿಜವಾಗುತ್ತಿಲ್ಲ ಅಂದರೆ ಏನರ್ಥ?

ಒಂದು ಬೆಳಗ್ಗೆ ಜುಲೇಖಾ ಬಾಗಿಲು ಬಡಿದಳು. ನಾನು ತೆಗೆಯಲಿಲ್ಲ. ಕಿಟಕಿಯ ಹತ್ತಿರ ಬಂದಳು. "ಹೋಗೇ, ನಾನೇ ಕೊಂದಿದ್ದು ಅವರನ್ನ, ಊರೆಲ್ಲ ಹೇಳ್ತಿಲ್ವಾ?" ಅಂತ ಒಳಗಿನಿಂದಲೇ ಕೂಗಿದೆ. "ಹೇಳ್ತಿದೆ" ಅಂದಳು ಅವಳು. "ನೀವೂ ಹೇಳ್ಕೊಳ್ಳಿ ಅಕ್ಕ, ಬೇಡ ಅನ್ನೋಕೆ ನಾನ್ಯಾರು? ನಾನು ಮಾತ್ರ ನಂಬಲ್ಲ." ಕಿಟಕಿಯ ಕಂಬಿ ಹಿಡಿದುಕೊಂಡು ಅಲ್ಲೇ ನಿಂತಳು, ಹೋಗಲಿಲ್ಲ. ನನಗಿಂತ ಮೊಂಡಿ.